ಸದ್ದು ಬೇಡವೆಂದ ಹಂಡೆಯಣ್ಣ

ತಾಮ್ರದ ಕೆಲಸದವರ ಓಣಿಯಲ್ಲಿ ಯಾರೂ ಮೆಲ್ಲಗೆ ಮಾತನಾಡುತ್ತಿರಲಿಲ್ಲ. ಗುಟ್ಟು ಹೇಳಬೇಕಾದರೂ ಗಂಟಲು ಹರಿಯುವಂತೆ ಕೂಗಿಯೇ ಹೇಳುತ್ತಿದ್ದರು. ಹಾಗಾಗಿ ಆ ಓಣಿಯಲ್ಲಿ ಗುಟ್ಟೆಂಬುದೇ ಇರಲಿಲ್ಲ. ಮದುವೆಯಾಗಿ ಬಂದ ಹೊಸ ಸೊಸೆಯಂದಿರು ಮೊದಮೊದಲು, ಈ ಮನೆಯವರೆಲ್ಲ ತಮ್ಮ ಮೇಲೆ ಯಾಕಿಷ್ಟು ರೇಗುತ್ತಾರೆಂದು ಮೂಲೆ ಹಿಡಿದು ಅಳುತ್ತಿದ್ದರು. ಆಮೇಲೆ ತಾವೂ ಕೂಗಲು ಕಲಿಯುತ್ತಿದ್ದರು. ತವರಿಗೆ ಹೋದಾಗ ಅವರ ತಾಯಂದಿರು ಬೆಚ್ಚಿಬಿದ್ದು, "ಮೆಲ್ಲಗೆ ಮಾತಾಡೇ, ನಾನೇನು ಆಚೆ ದಡದಲ್ಲಿದೀನಾ?" ಎನ್ನುತ್ತಿದ್ದರಂತೆ.

ಓಣಿಯ ತಿರುವಿನಲ್ಲಿದ್ದ ಅಂಗಡಿ ಹಂಡೆಯಣ್ಣನದು. ಹೆತ್ತವರು ಇಟ್ಟ ಹೆಸರೊಂದು ಅವನಿಗಿತ್ತು. ಅದು ಹೆಂಡತಿಗೂ ಸ್ವಲ್ಪ ಯೋಚಿಸಿದರೆ ಮಾತ್ರ ನೆನಪಾಗುತ್ತಿತ್ತು. ದೊಡ್ಡ ಹಂಡೆ ಬಡಿಯುವುದರಲ್ಲಿ ಅವನನ್ನು ಮೀರಿಸಿದವರು ಓಣಿಯಲ್ಲಿರಲಿಲ್ಲ. ಅವನ ಹೊಟ್ಟೆಯೂ ಹಂಡೆಯಂತೆಯೇ ದುಂಡಗಿತ್ತು. ಎರಡರಲ್ಲಿ ಯಾವುದರಿಂದ ಆ ಹೆಸರು ಬಂತೆನ್ನುವ ವಿಷಯದಲ್ಲಿ ಓಣಿಯಲ್ಲಿ ಎರಡು ಪಕ್ಷಗಳಿದ್ದವು.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಮಸಿ ಹಿಡಿದ ಗೋಡೆ, ನೆಲದಲ್ಲಿ ತೋಡಿದ ಒಲೆ, ಪಕ್ಕದಲ್ಲಿ ನೀರಿನ ತೊಟ್ಟಿ, ನಡುವೆ ಮರದ ದಿಮ್ಮಿಗೆ ಹೂತ, ತಗಡು ಇಟ್ಟು ಬಡಿಯುವ ಕಬ್ಬಿಣದ ಗೂಟ. ಗೂಟದ ಮುಂದೆ ಹಂಡೆಯಣ್ಣ, ಎದುರು ಗೋಡೆಗೆ ಒರಗಿ ಅವನ ತಮ್ಮ. ಅಣ್ಣ ಹಂಡೆಯ ಮೈ ಎಬ್ಬಿಸಿದರೆ, ತಮ್ಮ ಅದಕ್ಕೆ ಕಂಠ ಕಟ್ಟಿ ಹಿಡಿಕೆ ಕೂರಿಸುತ್ತಿದ್ದ. ಒಳಬಾಗಿಲ ಹೊಸ್ತಿಲ ಮೇಲೆ ಹಂಡೆಯಣ್ಣನ ಹೆಂಡತಿ ಕಾಳು ಆರಿಸುತ್ತಲೋ ಬಟ್ಟೆ ಹೊಲಿಯುತ್ತಲೋ ಕೂತಿರುತ್ತಿದ್ದಳು. ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು.

ತಾಮ್ರ ಬಡಿಯುವುದು ನೋಡುವವರಿಗೆ ತೋಳಿನ ಕೆಲಸದಂತೆ ಕಾಣುತ್ತದೆ. ಹಂಡೆಯಣ್ಣನ ಪ್ರಕಾರ ಅದು ಕಿವಿಯ ಕೆಲಸ. ಕಾಸಿದ ತಗಡು ಮೊದಲು ತುಂಬಿದ ದನಿಯಲ್ಲಿ, ಊಟವಾದವನ ತೇಗಿನಂತೆ ಮಾತಾಡುತ್ತದೆ. ಬಡಿದಷ್ಟೂ ಗಟ್ಟಿಯಾಗಿ, ದನಿ ತೆಳ್ಳಗಾಗಿ, ಚೂಪಾಗುತ್ತ ಹೋಗುತ್ತದೆ. ಆ ಚೂಪು ಕೇಳಿದ ಕೂಡಲೇ ನಿಲ್ಲಿಸಿ ಮತ್ತೆ ಬೆಂಕಿಗೆ ಹಾಕಬೇಕು. ಇನ್ನೊಂದೆರಡು ಏಟು ಹೆಚ್ಚಾದರೆ ಮುಗಿಯಿತು, ತಗಡು ಬಿರುಕು ಬಿಡುತ್ತದೆ. ಕಣ್ಣಿಗೆ ಅದು ಮುಂಚೆ ಕಾಣುವುದಿಲ್ಲ. "ತಾಮ್ರ ಬೇಡ ಬೇಡ ಅನ್ನುತ್ತೆ ಕಣೋ. ಅದು ಬೇಡ ಅಂದಾಗ ಬಿಡಬೇಕು" ಎಂದು ತಮ್ಮನಿಗೆ ಹೇಳಿಕೊಟ್ಟವನು ಅವನೇ.

ಅಂಥವನ ಕೈಯಲ್ಲಿ ಹಂಡೆಗಳು ಬಿರಿಯತೊಡಗಿದವು. ಮೊದಲು ವರ್ಷಕ್ಕೊಂದು, ಆಮೇಲೆ ಆಗೊಂದು ಈಗೊಂದು. ಬಿರಿದಾಗಲೆಲ್ಲ ಹಂಡೆಯಣ್ಣ ಸುತ್ತಿಗೆ ಎಸೆದು ಓಣಿಯ ಬಾಯಿಗೆ ಹೋಗಿ ನಿಲ್ಲುತ್ತಿದ್ದ. ರಸ್ತೆಯ ಆಚೆ ಬದಿಗೆ ಐಸ್ ಫ್ಯಾಕ್ಟರಿ. ಅದರ ಹಿತ್ತಿಲಲ್ಲಿ ಲಾರಿಯಷ್ಟು ದೊಡ್ಡ ಡೀಸೆಲ್ ಜನರೇಟರು. ಕರೆಂಟು ಹೋದಾಗ ಅದು ಗುಂಯ್ ಎಂದು ಶುರುವಾದರೆ ಮನೆಯ ಪಾತ್ರೆಗಳೂ ನಡುಗುತ್ತಿದ್ದವು.

"ಆ ಭೂತ ಹೀಗೆ ಗುಂಯ್‌ಗುಡ್ತಾ ಕೂತರೆ ನನ್ನ ತಾಮ್ರ ಏನು ಹೇಳ್ತಿದೆ ಅಂತ ನನಗೆ ಹೇಗೆ ಕೇಳಬೇಕು?" ಎಂದು ಅವನು ಕೂಗಾಡುತ್ತಿದ್ದ.

"ಅಣ್ಣಾ, ಬೆಳಿಗ್ಗೆಯಿಂದ ಕರೆಂಟಿದೆ. ಇವತ್ತು ಜನರೇಟರೇ ಹಾಕಿಲ್ಲ" ಎಂದು ತಮ್ಮ ಒಮ್ಮೆ ಹೇಳಿದ.

"ಹಾಕಿಲ್ವಾ? ನಿನ್ನ ಕಿವಿಯಲ್ಲಿ ಗುಗ್ಗೆ ತುಂಬಿದೆ. ಮೊದಲು ಅದನ್ನ ತೆಗೆಸು ಹೋಗು!"

ತಮ್ಮ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಕಾಳಿನ ಮೊರದಿಂದ ತಲೆ ಎತ್ತಲಿಲ್ಲ.

ಅವಳಿಗೆ ಗೊತ್ತಿತ್ತು. ಹಿಂದಿನಿಂದ ಕರೆದರೆ ಅವನು ತಿರುಗುತ್ತಿರಲಿಲ್ಲ. ಅನ್ನದ ಪಾತ್ರೆ ಬಿದ್ದರೂ ಬೆಚ್ಚುತ್ತಿರಲಿಲ್ಲ. ಆದರೆ ಆ ಓಣಿಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದುದರಿಂದ ಅವನ ಕಿವಿ ಹೋಗುತ್ತಿದೆಯೆಂಬುದು ಬೇರೆ ಯಾರ ಗಮನಕ್ಕೂ ಬರಲಿಲ್ಲ, ಅವನ ಗಮನಕ್ಕೂ. ಅವಳು ಒಂದು ಉಪಾಯ ಹುಡುಕಿಕೊಂಡಿದ್ದಳು. ಹೊಸ್ತಿಲ ಮೇಲೆ ಕೂತು ಕೂತು ತಾಮ್ರದ ದನಿ ಅವಳಿಗೂ ತಿಳಿಯುತ್ತಿತ್ತು. ಅದು ಚೂಪಾದ ಕೂಡಲೇ ಎದ್ದು ಅವನೆದುರು ಹೋಗಿ, "ಸಾಕು ಬನ್ನಿ, ಚಹಾ ಆರ್ತಿದೆ" ಎನ್ನುತ್ತಿದ್ದಳು. ಇಲ್ಲವೇ ಮಗಳ ಸುದ್ದಿ ತೆಗೆಯುತ್ತಿದ್ದಳು, ಇಲ್ಲವೇ ಜಗಳ ತೆಗೆಯುತ್ತಿದ್ದಳು. ಅವನು ಬೈಯುತ್ತಲೇ ಸುತ್ತಿಗೆ ಕೆಳಗಿಟ್ಟು ಹಂಡೆಯನ್ನು ಬೆಂಕಿಗೆ ಸರಿಸುತ್ತಿದ್ದ. "ನನ್ನ ಕೆಲಸದ ಮಧ್ಯೆ ಬಾಯಿ ಹಾಕದಿದ್ದರೆ ಇವಳಿಗೆ ತಿಂದದ್ದು ಜೀರ್ಣ ಆಗಲ್ಲ" ಎಂದು ತಮ್ಮನೆದುರು ದೂರುತ್ತಿದ್ದ. ಅವಳು ಸಂತೆಗೆ ಹೋದ ದಿನವೋ ಮಗಳ ಬಾಣಂತನಕ್ಕೆ ಹೋದ ದಿನಗಳಲ್ಲೋ ಹಂಡೆ ಬಿರಿಯುತ್ತಿತ್ತು.

ಹೀಗಿರುವಾಗ ನಗರಸಭೆಯ ಆಟೋವೊಂದು ಬೀದಿ ಬೀದಿ ಸುತ್ತಿತು. ಶಬ್ದ ನಿಯಂತ್ರಣಕ್ಕೆ ಹೊಸ ನಿಯಮ ತರಲಾಗುತ್ತಿದೆ, ನಾಗರಿಕರು ಶಾಲೆಯ ಸಭಾಂಗಣಕ್ಕೆ ಬಂದು ಅಭಿಪ್ರಾಯ ಹೇಳಬೇಕು ಎಂದು ಅದರ ಮೈಕು ಕಿವಿ ಕಿತ್ತುಹೋಗುವಂತೆ ಅರಚಿತು. ಆಟೋ ಹಿಂದೆಯೇ ನಾಯಿಗಳು ಬೊಗಳುತ್ತ ಓಡಿದವು. ಹಂಡೆಯಣ್ಣನಿಗೆ ಆ ಮೈಕು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಅದೇ ವಾರ ಹಿಂದಿನ ಬೀದಿಯ ಹೊಸ ಕಟ್ಟಡದಿಂದ ಮೇಷ್ಟ್ರು ಬಂದರು. ಲೆಕ್ಕದ ಪಾಠ ಹೇಳಿ ನಿವೃತ್ತರಾದ ಮೆದು ಮನುಷ್ಯ. ಮನೆಯವರಿಗೆ ಮಧ್ಯಾಹ್ನ ಕಣ್ಣು ಮುಚ್ಚಲಾಗುವುದಿಲ್ಲ, ಮೊಮ್ಮಗಳಿಗೆ ಓದಲಾಗುವುದಿಲ್ಲ ಎಂದು ಕಟ್ಟಡದವರೆಲ್ಲ ಅವರನ್ನು ಮುಂದೆ ಮಾಡಿ ಕಳಿಸಿದ್ದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿರಬೇಕು. ಬಾಗಿಲಲ್ಲಿ ನಿಂತು ಕರವಸ್ತ್ರದಿಂದ ಮುಖ ಒರೆಸಿಕೊಂಡರು.

"ಯಜಮಾನ್ರೇ, ತಪ್ಪು ತಿಳ್ಕೋಬೇಡಿ. ಈ ಕಡೆ ಸದ್ದು ಸ್ವಲ್ಪ ಜಾಸ್ತಿ ಆಗ್ತಿದೆ ಅಂತ..."

ತಮ್ಮ ಬಡಿತ ನಿಲ್ಲಿಸಿ ಅದನ್ನು ಜೋರಾಗಿ ಮತ್ತೊಮ್ಮೆ ಹೇಳಿದ. ಹಂಡೆಯಣ್ಣ ಎದ್ದು ನಿಂತ. "ಅಯ್ಯೋ ಮೇಷ್ಟ್ರೇ, ನಾನು ಬಾಯಿ ಬಡ್ಕೊಳ್ತಿರೋದೂ ಅದನ್ನೇ! ಬನ್ನಿ, ಕೂತ್ಕೊಳ್ಳಿ. ಲೇ, ಚಹಾ ತಾ! ಸ್ವಲ್ಪ ಅಂತೀರಲ್ಲ, ಆ ಜನರೇಟರಿಂದ ನನ್ನ ಜೀವವೇ ಹೋಗ್ತಿದೆ!"

ಮೇಷ್ಟ್ರು ಕೂತರು. ಅವರೆದುರು ಸುತ್ತಿಗೆಗಳು ಸಾಲಾಗಿ ತೂಗುತ್ತಿದ್ದವು. ಬಿಸಿ ಚಹಾ ಬಂತು. ಇಷ್ಟು ಪ್ರೀತಿಯಿಂದ ಕೂರಿಸಿಕೊಂಡವನಿಗೆ, 'ನಾವು ಹೇಳುತ್ತಿರುವುದು ನಿಮ್ಮ ಸುತ್ತಿಗೆಯ ಸದ್ದು' ಎನ್ನಲು ಅವರಿಗೆ ನಾಲಿಗೆ ಏಳಲಿಲ್ಲ. "ಹೌದು ಹೌದು, ಎಲ್ಲಾ ಸದ್ದೂ ಕಡಿಮೆ ಆಗಬೇಕು" ಎಂದಷ್ಟೇ ಹೇಳಿ ಚಹಾ ಕುಡಿದು ಎದ್ದರು.

ತಪ್ಪು ಮೇಷ್ಟ್ರದೊಂದೇ ಅಲ್ಲ. ಸುತ್ತಿಗೆಯದ್ದೂ ಒಂದು ಸದ್ದೆಂದು ಆ ಓಣಿಯಲ್ಲಿ ಯಾರೂ ಎಂದೂ ಲೆಕ್ಕಕ್ಕೆ ಹಿಡಿದವರಲ್ಲ. ಅವರ ಪಾಲಿಗೆ ಅದು ಉಸಿರಾಟದ ಹಾಗೆ, ನಿಂತರೆ ಮಾತ್ರ ಗಾಬರಿ. ಯಾವುದಾದರೂ ಮನೆಯಲ್ಲಿ ಬಡಿತ ನಿಂತರೆ, "ಯಾರಿಗೆ ಹುಷಾರಿಲ್ಲ?" ಎಂದು ಪಕ್ಕದವರು ಓಡಿ ಬರುತ್ತಿದ್ದರು. ಹಾರನ್ನು, ಜನರೇಟರು, ಮೈಕು ಇವು ಸದ್ದು. ಹಂಡೆಯಣ್ಣ ಮನೆ ಮನೆಗೆ ಹೋಗಿ ಜನ ಕೂಡಿಸಿದಾಗ ಯಾರಿಗೂ ಅನುಮಾನ ಬರಲಿಲ್ಲ. ಐಸ್ ಫ್ಯಾಕ್ಟರಿಯ ಸಾಹುಕಾರನ ಜಂಭ ಇಳಿಯಲಿ ಎಂದು ಖುಷಿಯಾಗಿಯೇ ಹೊರಟರು.

ಸಭಾಂಗಣ ತುಂಬಿತ್ತು. ಸದ್ದಿನ ಬಗ್ಗೆ ಮಾತಾಡಲು ಬಂದವರು ಮಾಡಿದ ಸದ್ದಿಗೆ ವೇದಿಕೆಯ ಮೇಲಿದ್ದ ಅಧಿಕಾರಿ ಮೇಜು ಕುಟ್ಟಿ ಕುಟ್ಟಿ ಸುಸ್ತಾದರು. ಬಸ್ ಚಾಲಕನೊಬ್ಬ, "ಹಾರನ್ ಹೊಡೀಬೇಡ ಅಂತೀರಾ, ಸರಿ. ದನ ಅಡ್ಡ ಬಂದ್ರೆ ಇಳಿದು ಕೈ ಮುಗೀಲಾ?" ಎಂದ. ಅಜ್ಜಿಯೊಬ್ಬಳು ಮೇಲಿನ ಮನೆಯವರು ಬೆಳಗಾಗುವ ಮುಂಚೆ ರುಬ್ಬುವ ಯಂತ್ರ ಹಾಕುತ್ತಾರೆಂದು ದೂರಿದಳು. ಮೇಲಿನ ಮನೆಯವಳು ಅಲ್ಲೇ ಇದ್ದಳು. "ನಿಮ್ಮ ಗೊರಕೆಗೆ ನಾವು ಎಲ್ಲಿ ದೂರು ಕೊಡೋಣ ಅಜ್ಜಿ?" ಎಂದಳು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಐಸ್ ಸಾಹುಕಾರ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಹಂಡೆಯಣ್ಣ ಎದ್ದು ಮೈಕಿನ ಬಳಿಗೆ ಹೋದ. ಅವನಿಗೆ ಮೈಕು ಬೇಕೇ ಇರಲಿಲ್ಲ.

"ಸ್ವಾಮಿ, ನಾವು ತಾಮ್ರ ಬಡಿಯೋರು. ಸದ್ದಿದ್ರೆ ನಮಗೆ ಕೆಲಸ ಮಾಡೋಕೆ ಆಗಲ್ಲ. ಹೊಟ್ಟೆಪಾಡಿನ ಮಾತು. ಎಷ್ಟು ಬಿಗಿ ನಿಯಮ ಮಾಡ್ತೀರೋ ಮಾಡಿ, ನಮ್ಮ ಓಣಿ ಪೂರ್ತಿ ನಿಮ್ಮ ಹಿಂದೆ ಇದೆ!"

ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು ಅವನನ್ನು ದಿಟ್ಟಿಸಿದರು. ಆಮೇಲೆ ಹಿಂದಿನ ಬೀದಿಯ ಕಟ್ಟಡದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಓಣಿಯವರೂ ತಟ್ಟಿದರು. ಹೆಂಗಸರ ಸಾಲಿನಲ್ಲಿದ್ದ ಹಂಡೆಯಣ್ಣನ ಹೆಂಡತಿ ಮಾತ್ರ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ಮೇಷ್ಟ್ರು ನೆಲ ನೋಡುತ್ತಿದ್ದರು.

ನಿಯಮ ಬಂದಾಗ ಓಣಿಯ ಬಾಯಿಗೆ ಹಾಕಿದ ಫಲಕವನ್ನು ತಮ್ಮ ಓದಿದ. ಯಂತ್ರಗಳಿಗೆ ಸದ್ದು ಹೊರಬಾರದ ಕೋಣೆ ಕಟ್ಟಿಸಿ ಪರವಾನಗಿ ಪಡೆಯಬಹುದು. ವಾಸದ ಬೀದಿಗಳಲ್ಲಿ ಲೋಹ ಬಡಿಯುವಂತಿಲ್ಲ. ಅಂಥ ಕೆಲಸದವರು ತಿಂಗಳ ಕೊನೆಯೊಳಗೆ ಊರಾಚೆಯ ಶೆಡ್ಡಿಗೆ ಹೋಗಬೇಕು. ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಸಂಬಂಧಪಟ್ಟ ಕಸುಬಿನವರೇ ಬಿಗಿ ನಿಯಮಕ್ಕೆ ಒತ್ತಾಯಿಸಿದ್ದಾರೆ.

ತಮ್ಮ ಅದನ್ನು ಅಣ್ಣನ ಮುಖಕ್ಕೆ ಮುಖ ಕೊಟ್ಟು ಕೂಗಿ ಹೇಳಿದ. ಹಂಡೆಯಣ್ಣ ನಂಬಲಿಲ್ಲ. "ಲೋಹ ಅಂದ್ರೆ ಕಬ್ಬಿಣ ಇರಬೇಕು ಕಣೋ. ಗ್ಯಾರೇಜಿನವರಿಗೆ ಹೇಳಿರೋದು."

"ತಾಮ್ರ ಏನು ತರಕಾರಿನಾ ಅಣ್ಣಾ? ಎಲ್ಲರ ತಲೆ ಮೇಲೂ ಕಲ್ಲು ಹಾಕಿಬಿಟ್ಟೆ!"

ಓಣಿಯವರು ಬಂದು ಬಾಗಿಲಲ್ಲಿ ನೆರೆದರು. ಎಷ್ಟು ಕೂಗಾಡಿದರೆಂದರೆ, ಹಿಂದಿನ ಕಟ್ಟಡದ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಹಂಡೆಯಣ್ಣ ಮರುದಿನ ನಗರಸಭೆಗೆ ಹೋಗಿ ಆ ಅಧಿಕಾರಿಯನ್ನೇ ಕಂಡ. ಅವರು ಕೆಟ್ಟವರಲ್ಲ, ಕುರ್ಚಿ ಕೊಟ್ಟರು. "ನೀವೇ ಹೇಳಿದ್ದಲ್ವಾ ಯಜಮಾನ್ರೇ? ಈಗ ಬೇಡ ಅಂದ್ರೆ ಹೇಗೆ? ಜನಾಭಿಪ್ರಾಯ ಮುಗಿದಿದೆ" ಎಂದರು. ಅವನು ಅವರ ತುಟಿಗಳನ್ನೇ ನೋಡುತ್ತ ಕೂತು, ಅರ್ಥವಾದವನಂತೆ ತಲೆಯಾಡಿಸಿ ಬಂದ.

ಆದರೂ ಅವನೊಳಗೆ ಒಂದು ಆಸೆ ಉಳಿದಿತ್ತು. ಹಾಸ್ಟೆಲ್ಲೊಂದರ ಅಡುಗೆಮನೆಗೆ ದೊಡ್ಡ ಹಂಡೆ ಬೇಕೆಂದು ಹೇಳಿಹೋಗಿದ್ದರು. ಅಂಥ ಹಂಡೆ ಅವನು ಬಡಿದು ವರ್ಷಗಳಾಗಿದ್ದವು. ಐಸ್ ಸಾಹುಕಾರ ಎಲ್ಲರಿಗಿಂತ ಮುಂಚೆ ಜನರೇಟರಿಗೆ ದಪ್ಪ ಗೋಡೆಯ ಕೋಣೆ ಕಟ್ಟಿಸುತ್ತಿದ್ದ. ಅದು ಮುಗಿದ ಮೇಲೂ ತಿಂಗಳ ಕೊನೆಗೆ ಕೆಲವು ದಿನ ಉಳಿಯುತ್ತಿತ್ತು. ಆ ದಿನಗಳಲ್ಲಿ ಸದ್ದಿಲ್ಲದ ಓಣಿಯಲ್ಲಿ ಕೂತು ಆ ಹಂಡೆಯನ್ನು ಎಬ್ಬಿಸಿಬಿಟ್ಟರೆ ಸಾಕೆಂದು ಅವನ ಲೆಕ್ಕ. "ಒಂದು ಹಂಡೆ, ಒಂದೇ ಒಂದು ಸರಿಯಾಗಿ ಬರಲಿ. ತಾಮ್ರದ ಮಾತು ಇನ್ನೂ ನನಗೆ ತಿಳಿಯುತ್ತೆ ಅಂತ ಗೊತ್ತಾದ್ರೆ ಆಮೇಲೆ ಶೆಡ್ಡಾದರೇನು, ಕಾಡಾದರೇನು" ಎಂದು ಹೆಂಡತಿಗೆ ಹೇಳಿದ. ಅವಳು ಹೂಂ ಎಂದಳು.

ಜನರೇಟರಿನ ಕೋಣೆಗೆ ಬಾಗಿಲು ಕೂತ ಮರುದಿನ ಬೆಳಿಗ್ಗೆ ಹಂಡೆಯಣ್ಣ ಸ್ನಾನ ಮಾಡಿ, ಒಗೆದ ಬನಿಯನ್ನು ತೊಟ್ಟು, ಗೂಟದ ಮುಂದೆ ಕೂತ. ಓಣಿಯವರು ಸಾಮಾನು ಕಟ್ಟುತ್ತಿದ್ದರಿಂದ ಯಾವ ಮನೆಯಲ್ಲೂ ಬಡಿತವಿರಲಿಲ್ಲ. ಗಾಡಿಗಳೂ ಆ ಹೊತ್ತಿಗೆ ಬರುತ್ತಿರಲಿಲ್ಲ. ಅಷ್ಟು ನಿಶ್ಶಬ್ದವನ್ನು ಆ ಓಣಿ ಹಿಂದೆಂದೂ ಕಂಡಿರಲಿಲ್ಲ. ತಗಡು ಕಾಸಿ, ನೀರಿಗದ್ದಿ, ಗೂಟಕ್ಕೇರಿಸಿ ಮೊದಲ ಏಟು ಹಾಕಿದ. ಕಿವಿಗೊಟ್ಟ. ಮತ್ತೊಂದು ಹಾಕಿದ. ಅವನ ಮುಖ ಕಪ್ಪಿಟ್ಟಿತು.

"ಬಡ್ಡಿಮಗ! ಕೋಣೆ ಕಟ್ಟಿಸಿದ ಹಾಗೆ ಮಾಡಿ ಬಾಗಿಲು ತೆಗೆದೇ ಬಿಟ್ಟಿದಾನೆ!"

ಹೆಂಡತಿ, "ರೀ, ನಿಲ್ಲಿ" ಎನ್ನುವಷ್ಟರಲ್ಲಿ ಅವನು ರಸ್ತೆ ದಾಟಿದ್ದ. ಫ್ಯಾಕ್ಟರಿಯ ಕಾವಲುಗಾರ ಗೇಟಿನಲ್ಲಿ ಬೀಡಿ ಸೇದುತ್ತಿದ್ದ.

"ಆರಿಸೋ ಅದನ್ನ!"

"ಯಾವುದನ್ನ ಹಂಡೆಯಣ್ಣ?"

"ಜನರೇಟರನ್ನ! ಹಾಡಹಗಲೇ ಮೋಸ ಮಾಡ್ತೀರಾ?"

ಕಾವಲುಗಾರನಿಗೆ ಮೊದಲು ನಗು ಬಂತು. ಆಮೇಲೆ ಅವನ ಕಣ್ಣು ನೋಡಿ ನಗು ನಿಂತಿತು. ಬೀಡಿ ಎಸೆದು, ತೋಳು ಹಿಡಿದು ಹಿತ್ತಿಲಿಗೆ ಕರೆದೊಯ್ದ. ಹೊಸ ಕೋಣೆಯ ಬಾಗಿಲು ತೆರೆದು ಹಂಡೆಯಣ್ಣನ ಅಂಗೈಯನ್ನು ಯಂತ್ರದ ಮೈ ಮೇಲೆ ಇರಿಸಿದ. ಅದು ತಣ್ಣಗಿತ್ತು. ನಡುಕವಿರಲಿಲ್ಲ. ಹಂಡೆಯಣ್ಣ ಇನ್ನೊಂದು ಕೈಯನ್ನೂ ಇಟ್ಟ. ಜ್ವರ ನೋಡುವವನಂತೆ ಅಲ್ಲಿ ಇಲ್ಲಿ ಮುಟ್ಟಿ ನೋಡಿದ. ಅವನ ತಲೆಯೊಳಗೆ ಗುಂಯ್ ಎನ್ನುವುದು ಹಾಗೆಯೇ ನಡೆದಿತ್ತು.

ಅವನು ವಾಪಸು ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ಅವನಿಗೆ ಹೆಚ್ಚು ಕೇಳುವುದೇನೂ ಉಳಿಯಲಿಲ್ಲ.

"ನಿಂಗೆ ಗೊತ್ತಿತ್ತು."

ಅವಳು ತಲೆಯಾಡಿಸಿದಳು.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವತ್ತೇ ಸುತ್ತಿಗೆ ಕೆಳಗಿಡ್ತಿದ್ರಿ" ಎಂದು ಅವಳು ಕೂಗಿದಳು. "ಇನ್ನೊಂದಷ್ಟು ದಿನ ನಡೀಲಿ ಅಂತ. ನಾನಿದ್ದೆನಲ್ಲ, ಕೇಳ್ತಿದ್ದೆನಲ್ಲ!"

ಆಗ ಅವನಿಗೆ ಆರಿಹೋದ ಚಹಾಗಳೂ ಕಾರಣವಿಲ್ಲದ ಜಗಳಗಳೂ ಅರ್ಥವಾದವು. ಅವನು ಸಿಟ್ಟಾಗಲಿಲ್ಲ. ಸುತ್ತಿಗೆ ಎತ್ತಿಕೊಂಡು, "ಹಾಗಾದ್ರೆ ಈಗಲೂ ಕೇಳು. ನಾನು ಬಡಿತೀನಿ, ಚೂಪಾದಾಗ ಕೈ ಎತ್ತು" ಎಂದ.

ಇಬ್ಬರೂ ಎದುರೆದುರು ಕೂತರು. ಅವಳು ಕಣ್ಣು ಮುಚ್ಚಿ ಕಿವಿಗೊಟ್ಟಳು. ಅವನು ಅವಳ ಕೈಯನ್ನೇ ನೋಡುತ್ತ ಬಡಿದ. ಆದರೆ ತಿಳಿಯದೆ ಇದ್ದಾಗ ನಡೆದದ್ದು ತಿಳಿದ ಮೇಲೆ ನಡೆಯಲಿಲ್ಲ. ಮೊದಲೆಲ್ಲ ಅವನ ತೋಳಿಗೆ ತನ್ನ ಮೇಲೆ ನಂಬಿಕೆಯಿತ್ತು, ಏಟು ಒಂದೇ ತೂಕಕ್ಕೆ ಬೀಳುತ್ತಿತ್ತು. ಈಗ ಪ್ರತಿ ಏಟಿಗೂ ತೋಳು ಅನುಮಾನಿಸಿತು. ಒಂದು ಏಟು ಹಗುರ, ಇನ್ನೊಂದು ಭಾರ. ದನಿ ಏರುಪೇರಾಗಿ ಅವಳಿಗೂ ಗೊಂದಲವಾಯಿತು. ಅವಳು ಕೈ ಎತ್ತಿದಳು. ಅಷ್ಟರಲ್ಲಿ ಏಟು ಬಿದ್ದಾಗಿತ್ತು. ಅವನಿಗೆ ಏನೂ ಕೇಳಿಸಲಿಲ್ಲ, ಸುತ್ತಿಗೆಯ ಹಿಡಿಯಲ್ಲಿ ಮಾತ್ರ ಏನೋ ಸಡಿಲವಾದಂತಾಯಿತು. ಬಿರುಕು ಹಂಡೆಯ ಅಂಚಿನಿಂದ ಹೊಟ್ಟೆಯ ತನಕ ಹೋಗಿತ್ತು.

ಅವಳು ಅಳತೊಡಗಿದಳು. "ನಾನು ತಡ ಮಾಡಿದೆ, ನನ್ನದೇ ತಪ್ಪು" ಎಂದಳು. ಅವನು ಅವಳ ತಲೆ ನೇವರಿಸಿದ. ಒಲೆಯ ಕೆಂಡದ ಮೇಲೆ ನೀರು ಸುರಿದ.

ತಿಂಗಳ ಕೊನೆಗೆ ಓಣಿ ಖಾಲಿಯಾಯಿತು. ತಮ್ಮ ಹೋಗುವಾಗ ಗೂಟವನ್ನು ದಿಮ್ಮಿಯಿಂದ ಕೀಳಲು ಬಂದ. ಶೆಡ್ಡು ಬಸ್ಸಿನ ಕೊನೆಯ ನಿಲ್ದಾಣದಿಂದಲೂ ಆಚೆ. ತಗಡಿನ ಮಾಡಿನ ಕೆಳಗೆ ಎಲ್ಲರೂ ಒಟ್ಟಿಗೆ ಬಡಿದರೆ ಯಾರಿಗೂ ತಮ್ಮ ಪಾತ್ರೆಯ ದನಿ ಕೇಳುವುದಿಲ್ಲವಂತೆ. ಆಗಲೇ ಒಬ್ಬಿಬ್ಬರು ಬಡಿಯುವುದು ಬಿಟ್ಟು, ಅಚ್ಚಿನ ಯಂತ್ರದಲ್ಲಿ ಒತ್ತಿ ಬಂದ ಪಾತ್ರೆಗಳಿಗೆ ಹೊಳಪು ಹಾಕುವ ಕೂಲಿಗೆ ಸೇರಿದ್ದರು.

"ನೀನೂ ಬಾ ಅಣ್ಣಾ. ಹೊಳಪು ಹಾಕೋಕೆ ಕಿವಿ ಬೇಡ" ಎಂದ ತಮ್ಮ. ಅದರಲ್ಲಿ ಚುಚ್ಚು ಇತ್ತೋ ಕನಿಕರ ಇತ್ತೋ ಅವನಿಗೇ ತಿಳಿದಂತಿರಲಿಲ್ಲ.

ಹಂಡೆಯಣ್ಣ ಬೇಡವೆಂದು ಕೈಯಾಡಿಸಿದ. ಗೂಟ ಕೀಳಲು ತಾನೂ ಕೈ ಹಾಕಿದ. ಅದು ಸುಲಭಕ್ಕೆ ಬರಲಿಲ್ಲ, ಇಬ್ಬರೂ ಬೆವತರು. ಕೊನೆಗೆ ತಮ್ಮ ಅದನ್ನು ಹೆಗಲ ಮೇಲೆ ಹೊತ್ತು, ಅತ್ತಿಗೆಗೆ ಹೋಗಿಬರುತ್ತೇನೆಂದು ಹೇಳಿ, ಹಿಂದೆ ತಿರುಗದೆ ಹೋದ.

ಕೆಲವು ತಿಂಗಳ ಮೇಲೆ ನಗರಸಭೆಯ ಹುಡುಗಿಯೊಬ್ಬಳು ಮೊಬೈಲು ಹಿಡಿದುಕೊಂಡು ಓಣಿಗೆ ಬಂದಳು. ಬಾಗಿಲು ತೆರೆದಿದ್ದ ಮನೆ ಅದೊಂದೇ. ಹಂಡೆಯಣ್ಣ ಜಗಲಿಯಲ್ಲಿ ಮಡಿಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಹೊಟ್ಟೆ ಇಳಿದು ಅಂಗಿ ಜೋತಾಡುತ್ತಿತ್ತು. ಪಕ್ಕದಲ್ಲಿ ಅವನ ಹೆಂಡತಿ ಕೂತಿದ್ದಳು. ಹಿಂದಿನ ಕಟ್ಟಡದ ಎರಡು ಮನೆಗಳಲ್ಲಿ ಪಾತ್ರೆ ತೊಳೆದು ಆಗತಾನೇ ಬಂದಿದ್ದಳು.

"ಹೊಸ ನಿಯಮ ಬಂದ ಮೇಲೆ ನಿಮ್ಮ ಬೀದಿಯಲ್ಲಿ ಸದ್ದು ಕಡಿಮೆ ಆಗಿದೆಯಾ ಅಮ್ಮ? ಅಭಿಪ್ರಾಯ ತಗೋತಿದೀವಿ."

"ಆಗಿದೆ ಕಣಮ್ಮ. ಬರ್ಕೋ."

"ಯಜಮಾನ್ರನ್ನೂ ಕೇಳಬೇಕು. ಪ್ರತಿಯೊಬ್ಬರದ್ದೂ ಬೇಕಂತೆ."

ಹೆಂಡತಿ ಅವನ ಕಿವಿಯ ಹತ್ತಿರ ಬಾಗಿ ಕೂಗಿದಳು. ಅವನು ಪ್ರಶ್ನೆಯನ್ನು ಸ್ವಲ್ಪ ಹೊತ್ತು ಯೋಚಿಸಿದ. ಹುಡುಗಿಗೆ ನಿಜವನ್ನೇ ಹೇಳಬೇಕೆಂದು ಅನ್ನಿಸಿರಬೇಕು.

"ಇಲ್ಲಮ್ಮ, ಕಡಿಮೆ ಆಗಿಲ್ಲ. ಹಗಲೂ ರಾತ್ರಿ ಒಂದೇ ಸಮ ಓಡ್ತಾನೇ ಇದೆ" ಎಂದ.

ಹುಡುಗಿ ಸುತ್ತ ನೋಡಿದಳು. ಬೀಗ ಬಿದ್ದ ಬಾಗಿಲುಗಳ ಮುಂದೆ ಒಂದು ನಾಯಿ ಮಲಗಿತ್ತು. ಅವಳು ಗೊಂದಲದಿಂದ ಹೆಂಡತಿಯ ಮುಖ ನೋಡಿದಳು. ಹೆಂಡತಿ ಬರೆದುಕೋ ಎಂದು ಕೈಸನ್ನೆ ಮಾಡಿದಳು. ಹುಡುಗಿ ಮೊಬೈಲಿನ ಮೇಲೆ ಬೆರಳೊತ್ತಿದಳು. "ಇಬ್ಬರದ್ದೂ 'ಕಡಿಮೆ ಆಗಿದೆ' ಅಂತ ಹಾಕ್ತೀನಿ ಅಮ್ಮ" ಎಂದು ಹೇಳಿ, ಪಕ್ಕದ ಮನೆಯ ಬೀಗವನ್ನು ಒಮ್ಮೆ ಎಳೆದು ನೋಡಿ, ಮುಂದಿನ ಬೀದಿಗೆ ನಡೆದಳು.